ಟಿ.ಸಿ. ಪಡೆಯುವ ಮುನ್ನ: ಕಾಲೇಜು ಪ್ರವೇಶ ಮತ್ತು ಕ್ರೆಡಿಟ್ ವರ್ಗಾವಣೆಯ ನಿಯಮಗಳು



ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ನಂತರ ಕೆಲವು ವಾರಗಳ ಕಾಲ ಪಂಚಾಯತಿ ಕಚೇರಿಗೆ ಬರುವ ಪ್ರಶ್ನೆಗಳ ಸ್ವರೂಪವೇ ಬದಲಾಗುತ್ತದೆ. ಕುಡಿಯುವ ನೀರು, ಬೀದಿ ದೀಪ, ಇ-ಸ್ವತ್ತುಗಳ ನಡುವೆ ಮಕ್ಕಳ ಕಾಲೇಜಿನ ಮಾತೂ ಸೇರಿಕೊಳ್ಳುತ್ತದೆ. ಈ ಪ್ರಶ್ನೆಗಳು ಕಚೇರಿಯನ್ನು ತಲುಪುವ ಮೊದಲು ಸಾಮಾನ್ಯವಾಗಿ ತಮ್ಮ ಮನೆಯ ಜಗಲಿಗೆ ಬಂದಿರುತ್ತವೆ. ಉತ್ತರ ಹೇಳುವುದು ನಮ್ಮ ಶಾಸನಬದ್ಧ ಕರ್ತವ್ಯವಲ್ಲವೆಂದು ಸುಮ್ಮನಾಗಬಹುದು. ಆದರೆ ಊರಿನವರು ನಮ್ಮ ಮಾತನ್ನು ನಂಬಿ ಹೆಜ್ಜೆ ಇಡುತ್ತಾರೆ. ಆದ್ದರಿಂದ ಹೇಳುವ ಮಾತು ಸರಿಯಾಗಿರುವುದು ಅವಶ್ಯ.

ಈ ಲೇಖನ ಬರೆಯಲು ನನ್ನದೇ ಒಂದು ತಪ್ಪು ಕಾರಣವಾಗಿದೆ. ಎರಡು ವರ್ಷಗಳ ಹಿಂದೆ ನಮ್ಮ ಪಂಚಾಯತಿಯ ಸದಸ್ಯೆಯೊಬ್ಬರು ಮದುವೆಯಾಗಿ ಊರಿಗೆ ಬಂದಿದ್ದ ಯುವತಿಯೊಬ್ಬರನ್ನು ಕಚೇರಿಗೆ ಕರೆತಂದರು. ಆಕೆ ತವರಿನ ಜಿಲ್ಲೆಯ ಕಾಲೇಜಿನಲ್ಲಿ ಬಿ.ಎ. ನಾಲ್ಕು ಸೆಮಿಸ್ಟರ್ ಮುಗಿಸಿ, ಎಲ್ಲ ವಿಷಯಗಳಲ್ಲಿಯೂ ಉತ್ತೀರ್ಣರಾಗಿದ್ದರು. ಕೊನೆಯ ವರ್ಷವನ್ನು ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಓದುವ ಇಚ್ಛೆ ಅವರದು. "ಟಿ.ಸಿ. ತೆಗೆದುಕೊಂಡು ಬನ್ನಿ, ಸೇರಿಸೋಣ" ಎಂದು ನಾನು ಹೇಳಿದೆ. ಆಕೆ ಹಾಗೆಯೇ ಮಾಡಿದರು. ಟಿ.ಸಿ. ಕೈಗೆ ಬಂದ ಮೇಲೆ ತಿಳಿದದ್ದು ಇಷ್ಟು: ಆಕೆ ಐಚ್ಛಿಕವಾಗಿ ಓದಿದ್ದ ಮನಃಶಾಸ್ತ್ರ ಇಲ್ಲಿಯ ಕಾಲೇಜಿನಲ್ಲಿ ಇರಲೇ ಇಲ್ಲ, ಎರಡು ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದವು. ಹಳೆಯ ಕಾಲೇಜಿಗೆ ಮರಳಿ ಹೋಗುವಷ್ಟರಲ್ಲಿ ಅಲ್ಲಿಯ ಪ್ರವೇಶದ ಅವಧಿ ಮುಗಿದಿತ್ತು. ಒಂದು ವರ್ಷ ಆಕೆ ಮನೆಯಲ್ಲಿ ಕುಳಿತರು.

ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮೊದಲೇ ಕೇಳಿದ್ದರೆ ಆ ವರ್ಷ ಉಳಿಯುತ್ತಿತ್ತು. ಆ ಪ್ರಶ್ನೆಗಳು ಯಾವುವು, ಅವುಗಳ ಹಿಂದಿನ ನಿಯಮಗಳೇನು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

1. ಸೀಟು ಕೊಡುವವರು ಯಾರು, ಅರ್ಹತೆ ತೀರ್ಮಾನಿಸುವವರು ಯಾರು

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಾಗಲಿ, ಅನುದಾನಿತ ಸಣ್ಣ ಕಾಲೇಜಾಗಲಿ, ಸ್ವತಃ ಪದವಿ ನೀಡುವುದಿಲ್ಲ. ಅದು ಒಂದು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುತ್ತದೆ. ಪಠ್ಯಕ್ರಮ, ಪರೀಕ್ಷೆ, ಪದವಿ ಮೂರೂ ವಿಶ್ವವಿದ್ಯಾಲಯಕ್ಕೆ ಸೇರಿದವು. ಪ್ರಾಂಶುಪಾಲರು ಸೀಟು ಖಾಲಿ ಇದೆಯೆಂದು ಹೇಳಬಲ್ಲರು. ಬೇರೆ ಕಡೆ ಓದಿದ ಸೆಮಿಸ್ಟರುಗಳನ್ನು ಮಾನ್ಯ ಮಾಡುವ ಅಧಿಕಾರ ಮಾತ್ರ ಅವರಿಗಿಲ್ಲ. ಆದ್ದರಿಂದ "ಪ್ರಿನ್ಸಿಪಾಲರು ಒಪ್ಪಿದ್ದಾರೆ" ಎಂಬ ಮಾತು ಪ್ರಥಮ ವರ್ಷದ ಪ್ರವೇಶಕ್ಕೆ ಸಾಕಾಗಬಹುದೇ ಹೊರತು ನಡುವಿನಲ್ಲಿ ಬಂದು ಸೇರುವವರಿಗೆ ಸಾಲದು.

ಜಿಲ್ಲೆಯ ಗಡಿಯ ಗ್ರಾಮಗಳಿಗೆ ಈ ವಿಷಯ ಹೆಚ್ಚು ಅನ್ವಯಿಸುತ್ತದೆ. 2022-23ರ ಅವಧಿಯಲ್ಲಿ ಹಾಸನ, ಕೊಡಗು, ಚಾಮರಾಜನಗರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಮೊದಲಾದ ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾಲಯಗಳು ಬಂದವು. ಹಿಂದೆ ಒಂದೇ ವಿಶ್ವವಿದ್ಯಾಲಯದಡಿ ಇದ್ದ ನೆರೆಯ ತಾಲ್ಲೂಕುಗಳ ಕಾಲೇಜುಗಳು ಹೀಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಾಲಾದವು. ಹದಿನೈದು ಕಿಲೋಮೀಟರ್ ದೂರದ ಕಾಲೇಜು ಬಸ್ಸಿನ ಲೆಕ್ಕದಲ್ಲಿ ಹತ್ತಿರವಿದ್ದರೂ ನಿಯಮದ ಲೆಕ್ಕದಲ್ಲಿ ದೂರವಿರಬಹುದು.

2. ಪ್ರಥಮ ವರ್ಷದ ಪ್ರವೇಶ

ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ವ್ಯಾಪ್ತಿಯ ಪದವಿ ಕಾಲೇಜುಗಳಿಗೆ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ತಂತ್ರಾಂಶದ ಮೂಲಕ ಅರ್ಜಿ ಸಲ್ಲಿಸಬೇಕು. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪ್ರವೇಶ ಆದಂತಲ್ಲ. ಕಾಲೇಜಿನಲ್ಲಿ ಮೂಲ ದಾಖಲೆಗಳ ಪರಿಶೀಲನೆ ನಡೆದು, ಶುಲ್ಕ ಸಂದಾಯವಾದ ಬಳಿಕವೇ ಪ್ರವೇಶ ಖಚಿತವಾಗುತ್ತದೆ.

ಬಿ.ಎ.ಗೆ ಸಾಮಾನ್ಯವಾಗಿ ಯಾವುದೇ ವಿಭಾಗದ ಪಿ.ಯು.ಸಿ. ಸಾಕು. ಬಿ.ಎಸ್ಸಿ.ಯಲ್ಲಿ ಆರಿಸಿಕೊಳ್ಳುವ ವಿಷಯಗಳನ್ನು ಪಿ.ಯು.ಸಿ.ಯಲ್ಲಿ ಓದಿರಬೇಕಾಗುತ್ತದೆ. ಸಣ್ಣ ಕಾಲೇಜಿನ ಮಟ್ಟಿಗೆ ಅಂಕಗಳಿಗಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ: ಬೇಕಾದ ವಿಷಯ ಸಂಯೋಜನೆ ಅಲ್ಲಿ ಇದೆಯೇ? ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳು ಬಹುತೇಕ ಕಡೆ ಸಿಗುತ್ತವೆ. ಮನಃಶಾಸ್ತ್ರ, ಭೂಗೋಳಶಾಸ್ತ್ರ, ಪತ್ರಿಕೋದ್ಯಮ ಎಲ್ಲ ಕಡೆಯೂ ಇರುವುದಿಲ್ಲ. ಮುಂದೆ ಕಾಲೇಜು ಬದಲಾಯಿಸುವ ಸಾಧ್ಯತೆಯುಳ್ಳವರು, ವಿಶೇಷವಾಗಿ ಮದುವೆಯ ಮಾತುಕತೆ ನಡೆದಿರುವ ಹೆಣ್ಣುಮಕ್ಕಳು, ಎಲ್ಲೆಡೆ ಸಿಗುವ ಸಂಯೋಜನೆಯನ್ನು ಆರಿಸಿದರೆ ಮುಂದಿನ ದಾರಿ ಸುಗಮವಾಗುತ್ತದೆ. ಇಷ್ಟದ ವಿಷಯವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಆರಿಸುವಾಗ ಅದರ ಪರಿಣಾಮ ತಿಳಿದಿರಲಿ ಎಂಬುದಷ್ಟೇ ಆಶಯ.

ದಾಖಲೆಗಳ ವಿಷಯದಲ್ಲಿ ತಡವಾಗುವುದು ಹೆಚ್ಚಾಗಿ ಕೆಳಗಿನವುಗಳಿಂದ:

(ಅ) ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಪಡೆಯತಕ್ಕದ್ದು. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಯ ವೇಳೆಗೆ ಮುಗಿದಿರುವ ಸಾಧ್ಯತೆ ಇರುತ್ತದೆ. ಫಲಿತಾಂಶಕ್ಕೆ ಮುನ್ನವೇ ದಿನಾಂಕ ನೋಡಿಕೊಳ್ಳಬೇಕು.

(ಆ) ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕೋರ್ಸುಗಳಿಗೆ ಹೋಗುವವರಿಗೆ ಇವು ಬೇಕು. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸಮತಳ ಮೀಸಲಾತಿ ಇದೆ. ಶಾಲೆಯ ಮುಖ್ಯಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಅಗತ್ಯ. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿಯೊಂದು ಶಾಲೆಯ ವಿವರವೂ ಬೇಕಾಗುವುದರಿಂದ ಈ ಕೆಲಸವನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು.

(ಇ) ಹೆಸರಿನ ವ್ಯತ್ಯಾಸ. ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು ಅಥವಾ ಇನಿಶಿಯಲ್ ಬೇರೆಯಾಗಿದ್ದರೆ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಅರ್ಜಿಯೂ, ಮುಂದೆ ವಿವರಿಸಿರುವ ಕ್ರೆಡಿಟ್ ಖಾತೆಯೂ ತೊಡಕಿಗೆ ಸಿಲುಕುತ್ತವೆ.

ಇನ್ನೊಂದು ಮಾತು. 2023-24ನೇ ಸಾಲಿನಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋದರೆ ವರ್ಷವೇ ಹೋಯಿತೆಂದು ಮಗುವನ್ನು ಕೂಲಿಗೆ ಕಳುಹಿಸುವ ಪೋಷಕರಿಗೆ ಇದನ್ನು ತಿಳಿಸಬೇಕು.

3. ಕ್ರೆಡಿಟ್ ಎಂದರೇನು

ಓದಿನ ಪ್ರಮಾಣವನ್ನು ಅಳೆಯುವ ಮಾನಕ್ಕೆ ಕ್ರೆಡಿಟ್ ಎಂದು ಹೆಸರು. ವಾರಕ್ಕೆ ಒಂದು ಗಂಟೆಯ ಪಾಠ, ಅಥವಾ ಎರಡು ಗಂಟೆಯ ಪ್ರಾಯೋಗಿಕ ಕೆಲಸ, ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಸೆಮಿಸ್ಟರಿಗೆ ಸುಮಾರು 15 ವಾರಗಳೆಂದು ಹಿಡಿದರೆ ನಾಲ್ಕು ಕ್ರೆಡಿಟ್‌ನ ಪತ್ರಿಕೆ ಎಂದರೆ 60 ಗಂಟೆಗಳ ಬೋಧನೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯು.ಜಿ.ಸಿ., 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್ ನಿಗದಿಯಾಗಿದೆ.

ಕಾಮಗಾರಿಯ ಅಳತೆ ಪುಸ್ತಕವನ್ನು ಬಲ್ಲ ಸದಸ್ಯರಿಗೆ ಇದು ಕಷ್ಟವಲ್ಲ. ಎಷ್ಟು ಕೆಲಸವಾಗಿದೆ ಎಂದು ಪುಸ್ತಕ ಹೇಳುತ್ತದೆ; ಅದು ಯಾವ ಅಂದಾಜುಪಟ್ಟಿಯ ಕೆಲಸ ಎಂಬುದನ್ನೂ ನೋಡಬೇಕಾಗುತ್ತದೆ. ಒಂದು ಕಾಮಗಾರಿಯ ಅಳತೆಯನ್ನು ಮತ್ತೊಂದರ ಬಿಲ್ಲಿಗೆ ಸೇರಿಸಲಾಗದು. ಹಾಗೆಯೇ ಒಂದು ವಿಶ್ವವಿದ್ಯಾಲಯದಲ್ಲಿ ಗಳಿಸಿದ ನಾಲ್ಕು ಕ್ರೆಡಿಟ್, ಇನ್ನೊಂದು ವಿಶ್ವವಿದ್ಯಾಲಯದ ಪಠ್ಯಕ್ಕೆ ಸಮಾನವೆಂದು ತೀರ್ಮಾನವಾದಾಗ ಮಾತ್ರ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

4. ನಡುವಿನಲ್ಲಿ ಕಾಲೇಜು ಬದಲಾಯಿಸುವುದು

ಒಂದೇ ವಿಶ್ವವಿದ್ಯಾಲಯದೊಳಗೆ ಬದಲಾವಣೆ ಸುಲಭ. ಪಠ್ಯಕ್ರಮ ಒಂದೇ ಆಗಿರುತ್ತದೆ. ಎರಡೂ ಕಾಲೇಜುಗಳ ಒಪ್ಪಿಗೆ ಮತ್ತು ವಿಶ್ವವಿದ್ಯಾಲಯದ ಅನುಮತಿ ಪಡೆದು ಸಾಮಾನ್ಯವಾಗಿ ಮೂರನೆಯ ಅಥವಾ ಐದನೆಯ ಸೆಮಿಸ್ಟರಿನ ಆರಂಭದಲ್ಲಿ ಸೇರಬಹುದು. ವರ್ಷದ ನಡುವೆ ಬದಲಾವಣೆ ಕಷ್ಟಸಾಧ್ಯ.

ವಿಶ್ವವಿದ್ಯಾಲಯವೇ ಬದಲಾಗುವುದಾದರೆ ಎರಡು ಪತ್ರಗಳು ಹೆಚ್ಚಾಗಿ ಬೇಕು: ಹಳೆಯ ವಿಶ್ವವಿದ್ಯಾಲಯದ ವಲಸೆ ಪ್ರಮಾಣಪತ್ರ ಮತ್ತು ಹೊಸ ವಿಶ್ವವಿದ್ಯಾಲಯದ ಅರ್ಹತಾ ಪ್ರಮಾಣಪತ್ರ. ಅರ್ಹತೆಯನ್ನು ಪರಿಶೀಲಿಸುವಾಗ ಓದಿದ ವಿಷಯಗಳು, ಪಠ್ಯ, ಕ್ರೆಡಿಟ್, ಬಾಕಿ ಉಳಿದ ವಿಷಯಗಳು ಎಲ್ಲವನ್ನೂ ಹೋಲಿಸುತ್ತಾರೆ. ಇದಕ್ಕಾಗಿ ಅಂಕಪಟ್ಟಿಗಳ ಜೊತೆಗೆ ಆಯಾ ವರ್ಷದ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನೂ ಹಳೆಯ ಕಾಲೇಜಿನಿಂದ ಪಡೆದಿರುವುದು ಒಳ್ಳೆಯದು.

ಯಾವ ಸಾಲಿನಲ್ಲಿ ಪ್ರವೇಶ ಪಡೆದರು ಎಂಬುದೂ ಮುಖ್ಯ. ನಮ್ಮ ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದಿತ್ತು. 2024-25ನೇ ಸಾಲಿನಿಂದ ಸೇರಿದವರಿಗೆ ರಾಜ್ಯವು ಮೂರು ವರ್ಷದ ಪದವಿಯ ಪರಿಷ್ಕೃತ ಪಠ್ಯಕ್ರಮಕ್ಕೆ ಮರಳಿದೆ. 2022ರಲ್ಲಿ ಸೇರಿ, ಒಂದು ವರ್ಷ ಓದಿ ಬಿಟ್ಟವರು ಈಗ ಮುಂದುವರಿಸಬಯಸಿದರೆ ತಮ್ಮದೇ ಹಳೆಯ ಕಾಲೇಜಿನಲ್ಲಿಯೂ ತರಗತಿಯ ಪಠ್ಯ ಬದಲಾಗಿರುತ್ತದೆ. ಅಂಥವರು ಮೊದಲು ವಿಶ್ವವಿದ್ಯಾಲಯದಿಂದ ಲಿಖಿತ ಸೂಚನೆ ಪಡೆಯಬೇಕು.

5. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್

ಯು.ಜಿ.ಸಿ. 2021ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿಯಂತೆ ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್‌ಗಳನ್ನು ಡಿಜಿಟಲ್ ಖಾತೆಯಲ್ಲಿ ಜಮಾ ಇಡುವ ವ್ಯವಸ್ಥೆ ಬಂದಿದೆ. ಡಿಜಿಲಾಕರ್ ಮೂಲಕ ಹನ್ನೆರಡು ಅಂಕಿಯ ಗುರುತಿನ ಸಂಖ್ಯೆ ದೊರೆಯುತ್ತದೆ. ಜಮೆಯಾದ ಕ್ರೆಡಿಟ್‌ಗಳು ಗರಿಷ್ಠ ಏಳು ವರ್ಷ ಮಾನ್ಯವಾಗಿರುತ್ತವೆ. ಮದುವೆ, ಹೆರಿಗೆ, ಕಾಯಿಲೆ, ಬಡತನಗಳಿಂದ ಓದು ನಿಲ್ಲಿಸಿದವರಿಗೆ ಇದು ನಿಜವಾದ ಆಸರೆ. ನಾಲ್ಕು ವರ್ಷದ ಹಿಂದೆ ಬಿಟ್ಟ ಓದು ಸತ್ತುಹೋಯಿತೆಂದು ಭಾವಿಸಬೇಕಾಗಿಲ್ಲ.

ಆದರೆ ಈ ವ್ಯವಸ್ಥೆಯ ಮಿತಿಗಳನ್ನೂ ತಿಳಿದಿರಬೇಕು. ಮೊದಲನೆಯದು, ಕ್ರೆಡಿಟ್ ತಾನಾಗಿ ಜಮೆಯಾಗುವುದಿಲ್ಲ. ವಿದ್ಯಾರ್ಥಿ ಖಾತೆ ತೆರೆದಿರಬೇಕು. ಸಂಸ್ಥೆ ವಿವರ ಏರಿಸಿರಬೇಕು. ಎರಡನೆಯದು, ಖಾತೆಯಲ್ಲಿ ಜಮೆ ಇದೆ ಎಂದ ಮಾತ್ರಕ್ಕೆ ಪ್ರತಿ ವಿಶ್ವವಿದ್ಯಾಲಯವೂ ಅದನ್ನು ಸ್ವೀಕರಿಸುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪದವಿ ನೀಡುವ ಸಂಸ್ಥೆಯಿಂದಲೇ ಕನಿಷ್ಠ ಶೇ 50ರಷ್ಟು ಕ್ರೆಡಿಟ್ ಗಳಿಸಿರಬೇಕೆಂದು ನಿಯಮ ಹೇಳುತ್ತದೆ.

ಈ ಮೂರನೆಯ ಅಂಶವನ್ನು ಲೆಕ್ಕ ಹಾಕಿ ನೋಡೋಣ. ಪದವಿಗೆ 120 ಕ್ರೆಡಿಟ್ ಎಂದಾದರೆ ಕನಿಷ್ಠ 60 ಹೊಸ ವಿಶ್ವವಿದ್ಯಾಲಯದಲ್ಲಿ ಬರಬೇಕು. ಒಂದು ವರ್ಷ ಮುಗಿಸಿ ಬಂದವರಿಗೆ 80 ಬಾಕಿ ಇರುತ್ತದೆ, ತೊಂದರೆಯಿಲ್ಲ. ಎರಡು ವರ್ಷ ಮುಗಿಸಿ ಬಂದವರಿಗೆ ಉಳಿದಿರುವುದು 40 ಮಾತ್ರ. ಹಳೆಯ ಕ್ರೆಡಿಟ್ ಎಲ್ಲವೂ ಮಾನ್ಯವಾದರೂ 20 ಕಡಿಮೆ ಬೀಳುತ್ತದೆ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲೇಬೇಕಾದವರು ಎರಡನೆಯ ವರ್ಷದ ಆರಂಭದಲ್ಲಿಯೇ ಹೋಗುವುದು ಲೇಸು. ಎರಡು ವರ್ಷ ಮುಗಿದಿದ್ದರೆ ಹಾಸ್ಟೆಲ್ಲಿನಲ್ಲಿಯೋ ತವರಿನಲ್ಲಿಯೋ ಇದ್ದು ಹಳೆಯ ಕಾಲೇಜಿನಲ್ಲಿಯೇ ಮುಗಿಸುವುದು ಬಹುಪಾಲು ಸಂದರ್ಭಗಳಲ್ಲಿ ಸರಿಯಾದ ಸಲಹೆ. ನಾನು ಆ ಯುವತಿಗೆ ಕೊಡಬೇಕಾಗಿದ್ದ ಸಲಹೆಯೂ ಇದೇ ಆಗಿತ್ತು.

6. ಐ.ಟಿ.ಐ.ಯಿಂದ ಡಿಪ್ಲೊಮಾ, ಡಿಪ್ಲೊಮಾದಿಂದ ಎಂಜಿನಿಯರಿಂಗ್

ನನ್ನ ತಪ್ಪಿಗೆ ಒಂದು ಹಿನ್ನೆಲೆ ಇತ್ತು. ನಾನು ಎಸ್.ಎಸ್.ಎಲ್.ಸಿ. ನಂತರ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದಿ, ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದವನು. ಓದಿದ್ದು ತಾನಾಗಿ ಮುಂದಕ್ಕೆ ಬರುತ್ತದೆಂಬ ನಂಬಿಕೆ ಅಲ್ಲಿಂದ ಬಂದಿತ್ತು. ಆದರೆ ಅದು ನಿಯಮವೇ ಮೊದಲು ಹಾಕಿಟ್ಟಿರುವ ಮೆಟ್ಟಿಲು. ಪದವಿ ಕಾಲೇಜುಗಳ ನಡುವೆ ಅಂಥ ಸಿದ್ಧ ಮೆಟ್ಟಿಲಿಲ್ಲ.

ಈ ಮೆಟ್ಟಿಲು ಗ್ರಾಮೀಣ ಮಕ್ಕಳಿಗೆ ಬಹಳ ಉಪಯುಕ್ತ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಸಂಬಂಧಿತ ವಿಭಾಗದಲ್ಲಿ, ಪಿ.ಯು.ಸಿ. ವಿಜ್ಞಾನ ಉತ್ತೀರ್ಣರಾದವರೂ ಸಹ, ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯಬಹುದು. ಡಿಪ್ಲೊಮಾ ಮುಗಿಸಿದವರು ಪರೀಕ್ಷಾ ಪ್ರಾಧಿಕಾರದ ಡಿ.ಸಿ.ಇ.ಟಿ. ಬರೆದು ಎಂಜಿನಿಯರಿಂಗ್‌ನ ಮೂರನೆಯ ಸೆಮಿಸ್ಟರಿಗೆ ಸೇರಬಹುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಡಿಪ್ಲೊಮಾದಲ್ಲಿ ಕನಿಷ್ಠ ಶೇ 45, ಮೀಸಲಾತಿ ವರ್ಗದವರಿಗೆ ಶೇ 40 ಅಂಕ ಬೇಕು.

ಇಲ್ಲಿಯೂ ಬಿಟ್ಟುಹೋದ ಓದನ್ನು ತುಂಬಿಕೊಳ್ಳಬೇಕಾಗುತ್ತದೆ. ನಮ್ಮ ಕಾಲದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಎರಡು ಹೆಚ್ಚುವರಿ ಗಣಿತ ಪತ್ರಿಕೆಗಳಿದ್ದವು. ವಿದ್ಯಾರ್ಥಿಗಳ ಬಾಯಲ್ಲಿ ಅದು 'ಡಿಪ್ ಮ್ಯಾಥ್ಸ್'. ಅದರ ಅಂಕ ದರ್ಜೆಗೆ ಸೇರುತ್ತಿರಲಿಲ್ಲ. ಉತ್ತೀರ್ಣರಾಗದೆ ಪದವಿಯೂ ಸಿಗುತ್ತಿರಲಿಲ್ಲ. ಲೆಕ್ಕಕ್ಕಿಲ್ಲದ ಪತ್ರಿಕೆಯೆಂದು ಅಲಕ್ಷಿಸಿದ ನನ್ನ ಗೆಳೆಯನೊಬ್ಬ ಉಳಿದೆಲ್ಲವನ್ನೂ ಮುಗಿಸಿ, ಕೆಲಸದ ಆದೇಶ ಕೈಯಲ್ಲಿದ್ದರೂ ಪದವಿ ಪ್ರಮಾಣಪತ್ರವಿಲ್ಲದೆ ಉಳಿದ. ನೇರ ಪ್ರವೇಶ ಪಡೆಯುವ ಮಕ್ಕಳು ಹೆಚ್ಚುವರಿಯಾಗಿ ಯಾವ ವಿಷಯ ಮುಗಿಸಬೇಕೆಂಬುದನ್ನು ಸೇರುವ ದಿನವೇ ಕೇಳಿ ತಿಳಿಯಬೇಕು.

7. ಎಚ್ಚರಿಕೆ ವಹಿಸಬೇಕಾದ ಜಾಹೀರಾತುಗಳು

"ಹಳೆಯ ಕ್ರೆಡಿಟ್ ವರ್ಗಾಯಿಸಿ ಒಂದೇ ವರ್ಷದಲ್ಲಿ ಪದವಿ" ಎಂಬ ಭಿತ್ತಿಪತ್ರಗಳು ಬಸ್ ನಿಲ್ದಾಣಗಳಲ್ಲಿ ಕಾಣುತ್ತವೆ. ಓದು ಅರ್ಧಕ್ಕೆ ನಿಂತವರೇ ಇದರ ಗುರಿ. ಹಣ ಕಟ್ಟುವ ಮುನ್ನ ಆ ಸಂಸ್ಥೆಗೆ ಯು.ಜಿ.ಸಿ. ಮಾನ್ಯತೆ ಇದೆಯೇ, ದೂರಶಿಕ್ಷಣವಾದರೆ ಆ ನಿರ್ದಿಷ್ಟ ಕೋರ್ಸಿಗೆ ಅನುಮತಿ ಇದೆಯೇ ಎಂದು ಪರಿಶೀಲಿಸಬೇಕು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ಪ್ರಕಟಿಸುತ್ತದೆ. ಮನೆಯಲ್ಲಿದ್ದೇ ಓದಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸರ್ಕಾರದ್ದೇ ಆದ ದಾರಿ. ಅಲ್ಲಿಯೂ ಹಳೆಯ ಸೆಮಿಸ್ಟರುಗಳು ಲೆಕ್ಕಕ್ಕೆ ಬರುತ್ತವೆಯೇ, ಹೊಸದಾಗಿ ಆರಂಭಿಸಬೇಕೇ ಎಂಬುದನ್ನು ಮೊದಲೇ ಕೇಳಬೇಕು.

8. ಟಿ.ಸಿ.ಗೆ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಕಾಲೇಜು ಬದಲಾಯಿಸಬಯಸುವ ಯಾರೇ ತಮ್ಮ ಬಳಿ ಬಂದರೂ ಕೆಳಗಿನ ನಾಲ್ಕನ್ನು ಕೇಳಲು ಕೋರಿದೆ.

(ಅ) ಎರಡೂ ಕಾಲೇಜುಗಳು ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿವೆಯೇ?
(ಆ) ಓದಿದ ವಿಷಯಗಳೆಲ್ಲವೂ ಹೊಸ ಕಾಲೇಜಿನಲ್ಲಿ ಇವೆಯೇ?
(ಇ) ಎಷ್ಟು ಸೆಮಿಸ್ಟರ್ ಮುಗಿದಿದೆ, ಯಾವ ಸಾಲಿನ ಪಠ್ಯಕ್ರಮ, ಎಷ್ಟು ವಿಷಯ ಬಾಕಿ?
(ಈ) ಹೊಸ ವಿಶ್ವವಿದ್ಯಾಲಯದ ಒಪ್ಪಿಗೆ ಬರಹದಲ್ಲಿ ಬಂದಿದೆಯೇ?

ನಾಲ್ಕನೆಯದಕ್ಕೆ "ಹೌದು" ಎಂಬ ಉತ್ತರ ಬರುವವರೆಗೆ ಟಿ.ಸಿ. ಪಡೆಯಬಾರದು. ಟಿ.ಸಿ. ಪಡೆದ ಕ್ಷಣದಿಂದ ವಿದ್ಯಾರ್ಥಿ ಹಳೆಯ ಕಾಲೇಜಿನವರೂ ಅಲ್ಲ, ಹೊಸ ಕಾಲೇಜಿನವರೂ ಅಲ್ಲ.

9. ಪಂಚಾಯತಿ ಮಾಡಬಹುದಾದದ್ದು

ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಸಭೆಯಲ್ಲಿ ವರ್ಷಕ್ಕೊಮ್ಮೆ, ಫಲಿತಾಂಶಕ್ಕೆ ಮುನ್ನ, ಈ ವಿಷಯ ಚರ್ಚಿಸಬಹುದು. ತಮ್ಮ ವಾರ್ಡಿನಲ್ಲಿ ಹತ್ತನೆಯ ತರಗತಿ ಮತ್ತು ಪಿ.ಯು.ಸಿ. ಮುಗಿಸಿದವರ, ಓದು ನಡುವಿನಲ್ಲಿ ನಿಂತವರ, ಸೊಸೆಯಾಗಿ ಬಂದವರಲ್ಲಿ ಪದವಿ ಅಪೂರ್ಣವಾಗಿರುವವರ ಪಟ್ಟಿಯನ್ನು ಸದಸ್ಯರು ಮಾಡಿಕೊಳ್ಳಬಹುದು. ಪಂಚಾಯತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದ ಗಣಕಯಂತ್ರದಲ್ಲಿ ಕ್ರೆಡಿಟ್ ಖಾತೆ ತೆರೆಯಲು, ಅರ್ಜಿ ತುಂಬಲು ಮಕ್ಕಳಿಗೆ ನೆರವಾಗಬಹುದು. ಮೇಲಿನ ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಸೂಚನಾ ಫಲಕಕ್ಕೆ ಅಂಟಿಸಬಹುದು. ನಮ್ಮ ಕಚೇರಿಯಲ್ಲಿ ಅಂಟಿಸಿದ್ದೇವೆ.

ಆ ಯುವತಿ ಕಳೆದ ವರ್ಷ ವಿಶ್ವವಿದ್ಯಾಲಯದ ಅನುಮತಿ ಪಡೆದು ಹಳೆಯ ಕಾಲೇಜಿಗೇ ಮರಳಿದರು. ಅತ್ತೆ ಮಾವಂದಿರು ಒಪ್ಪಿ ತವರಿನಲ್ಲಿರಿಸಿದರು. ಈ ವರ್ಷ ಆರನೆಯ ಸೆಮಿಸ್ಟರಿನ ಪರೀಕ್ಷೆ ಬರೆದಿದ್ದಾರೆ. ಅವರು ಓದು ಬಿಡಲಿಲ್ಲವೆಂಬುದು ಅವರ ಮನೋಬಲವೇ ಹೊರತು ನಮ್ಮ ನೆರವಲ್ಲ. ಅಂಥ ಮನೋಬಲ ಎಲ್ಲರಲ್ಲಿಯೂ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನಮ್ಮ ಗ್ರಾಮಗಳಲ್ಲಿ ಒಂದು ವರ್ಷ ಮನೆಯಲ್ಲಿ ಕುಳಿತ ಹೆಣ್ಣುಮಗಳು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದು ಎಷ್ಟು ವಿರಳವೆಂಬುದು ಸದಸ್ಯರಿಗೆ ನನಗಿಂತ ಚೆನ್ನಾಗಿ ತಿಳಿದಿದೆ.

ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಪ್ರತಿ ಪ್ರಕರಣದಲ್ಲಿಯೂ ಸಂಬಂಧಿಸಿದ ವಿಶ್ವವಿದ್ಯಾಲಯದ ಆ ಸಾಲಿನ ಪ್ರವೇಶ ಅಧಿಸೂಚನೆಯನ್ನು ನೋಡಿಯೇ ಮುಂದುವರಿಯತಕ್ಕದ್ದು. ಈ ಲೇಖನವನ್ನು ತಮ್ಮ ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ವಾರ್ಡ್ ಸಭೆಗಳಲ್ಲಿ ಪೋಷಕರಿಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.


ಪಂಚಾಯತಿ ಅಭಿವೃದ್ಧಿ ಅಧಿಕಾರಿ